ಅಸಲಿ ಬಾಗಿಲು ಎದುರುಮನೆಯಲ್ಲಿದೆ

ಬರ್ಲಿನ್ನಿನ ನಟ್ಟನಡುವೆ ಸ್ಪ್ರೇ ನದಿ ಕವಲೊಡೆದು ಒಂದು ದ್ವೀಪವನ್ನು ತಬ್ಬಿಕೊಂಡಿದೆ. ಅಲ್ಲಿ ಗದ್ದುಗೆ ಏರಿದವರಿಗೆ ಹಿಂದಿನವರು ಕಟ್ಟಿದ್ದನ್ನು ಕೆಡವದೆ ನಿದ್ದೆ ಹತ್ತುವುದಿಲ್ಲ.

1443ರಲ್ಲಿ ದೊರೆ ಅರಮನೆಗೆ ಅಡಿಗಲ್ಲು ಹಾಕಿದ. ಸಿಟ್ಟಿಗೆದ್ದ ಊರವರು 1448ರಲ್ಲಿ ಪಾಯಕ್ಕೆ ನೀರು ನುಗ್ಗಿಸಿದರು. ಬೊಕ್ಕಸಕ್ಕೆ ಭಾರವಾಗದೆ ನಡೆದ ವಿರೋಧ ಅದೊಂದೇ ಇರಬೇಕು.

ಅರಮನೆ ಎದ್ದಿತು, ಮೆರೆಯಿತು, ಮಹಾಯುದ್ಧದ ಬಾಂಬಿಗೆ ಅರೆಬೆಂದಿತು. 1950ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಅದಕ್ಕೆ ಸಿಡಿಮದ್ದಿಟ್ಟಿತು. ಒಂದು ಬಾಗಿಲಿಗೆ ಮಾತ್ರ ವಿನಾಯಿತಿ: 1918ರಲ್ಲಿ ಕಾರ್ಲ್ ಲೀಬ್‌ಕ್ನೆಕ್ಟ್ ಅಲ್ಲಿಂದ ಸಮಾಜವಾದಿ ಗಣರಾಜ್ಯವನ್ನು ಘೋಷಿಸಿದ್ದರು. ರಾಜನ ಬಾಗಿಲಾದರೇನು, ಕ್ರಾಂತಿಕಾರಿ ನಿಂತ ಮೇಲೆ ಮಡಿಯಾಯಿತು! ಅದರ ಉಳಿದ ಅಸಲಿ ಕಲ್ಲುಗಳನ್ನು ಎದುರಿನ ಹೊಸ ಸರ್ಕಾರಿ ಕಟ್ಟಡಕ್ಕೆ ಜೋಡಿಸಿದರು.

ಖಾಲಿ ಜಾಗದಲ್ಲಿ 1976ಕ್ಕೆ 'ಗಣರಾಜ್ಯದ ಅರಮನೆ' ಬಂತು. ಒಂದೇ ಸೂರಿನಡಿ ಸಂಸತ್ತು, ಹೋಟೆಲು, ಬೌಲಿಂಗ್ ಅಂಕಣ. ಫಲಿತಾಂಶ ಮೊದಲೇ ಗೊತ್ತಿರದಿದ್ದದ್ದು ಬೌಲಿಂಗಿನಲ್ಲಿ ಮಾತ್ರ. ಒಳಗೆ ತೂಗಿದ ದೀಪಗಳನ್ನು ಎಣಿಸಲಾರದೆ ಜನ ಅದನ್ನು ಪೂರ್ವ ಜರ್ಮನಿಯ ನಾಯಕ ಎರಿಕ್ ಹೊನೆಕರ್ ಹೆಸರಿನಲ್ಲಿ 'ಎರಿಕ್‌ನ ದೀಪದಂಗಡಿ' ಎಂದರು. 1990ರಲ್ಲಿ ಕಲ್ನಾರಿನ ವಿಷವಿದೆಯೆಂದು ಬೀಗ ಬಿತ್ತು. ವರ್ಷಗಟ್ಟಲೆ ಹೆಕ್ಕಿ 2003ಕ್ಕೆ ಕಲ್ನಾರನ್ನು ಪೂರ್ತಿ ತೆಗೆದರು; ರೋಗ ವಾಸಿಯಾಯಿತೆಂದು ಖಾತ್ರಿಯಾದ ಮೇಲೆ, 2006ರಿಂದ 2008ರವರೆಗೆ, ರೋಗಿಯನ್ನೇ ನಿಧಾನವಾಗಿ ಮುಗಿಸಿದರು.

ಆಮೇಲೆ ಕಟ್ಟಿದ್ದೇನು? ಮೊದಲಿನ ಅರಮನೆಯನ್ನೇ! ಮೂರು ಕಡೆ ರಾಜವೈಭವದ ಮುಖ, ನದಿಯ ಕಡೆ ಬೋಳುಗೋಡೆ, ಒಳಗೆ ಕಾಂಕ್ರೀಟು, ಖರ್ಚು ಸುಮಾರು 68 ಕೋಟಿ ಯೂರೊ. ಅರಮನೆ ಎನ್ನಲು ನಾಚಿಕೆಯಾಗಿ, ಒಳಗೆ ವಸ್ತುಸಂಗ್ರಹಾಲಯ ಮಾಡಿ ಹಂಬೋಲ್ಟ್ ಫೋರಂ ಎಂದು ಹೆಸರಿಟ್ಟರು. ಅಳಿಯ ಅಲ್ಲ, ಮಗಳ ಗಂಡ.

ಲೀಬ್‌ಕ್ನೆಕ್ಟ್ ಬಾಗಿಲಿನ ತದ್ರೂಪವೂ ಹಳೆಯ ಜಾಗದಲ್ಲೇ ಬಂದು ನಿಂತಿತು. ಹಾಗಾದರೆ ಅಸಲಿ? ಎದುರುಮನೆಯಲ್ಲೇ ಇದೆ. ಆ ಕಟ್ಟಡದಲ್ಲೀಗ ಮ್ಯಾನೇಜ್‌ಮೆಂಟ್ ಶಾಲೆ ನಡೆಯುತ್ತಿದೆ. ಸಮಾಜವಾದ ಸಾರಿದ ಬಾಗಿಲ ಹಿಂದೆ ಲಾಭದ ಪಾಠ.

ನಮ್ಮ ಕಡೆಯದೂ ಒಂದು ಕಾಣಿಕೆ ಅಲ್ಲಿದೆ. 2022ರಲ್ಲಿ ಈ ನಕಲು ಅರಮನೆಯ ಹೊರಗೆ ಸಾಂಚಿ ಸ್ತೂಪದ ಪೂರ್ವ ತೋರಣದ ನಕಲನ್ನು ನಿಲ್ಲಿಸಿದರು. ಒಳಗಿನ, ಇಂದಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದ ಕಂಚಿನ ಶಿಲ್ಪಗಳು ಮಾತ್ರ ಅಪ್ಪಟ ಅಸಲಿ, ಲೂಟಿಯ ಮಾಲು. ಅದೇ ವರ್ಷ ಅವುಗಳ ಒಡೆತನವನ್ನು ನೈಜೀರಿಯಾಕ್ಕೆ ಬರೆದುಕೊಡಬೇಕಾಯಿತು. ತೋರಣ ನಿಶ್ಚಿಂತೆಯಿಂದ ನಿಂತಿದೆ, ಅದನ್ನು ಯಾರು ವಾಪಸ್ ಕೇಳುತ್ತಾರೆ?