ಬಾಗಿಲಲ್ಲಿ ಯಾರು? ಬೆಂಗಳೂರಿಗೆ ಕೇಳಿ!

ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಗಳಿಗೆ ಈಗ ಸ್ಮಾರ್ಟ್ ಡೋರ್‌ಬೆಲ್ ಬರತೊಡಗಿದೆ: ಕ್ಯಾಮೆರಾ ಇಟ್ಟುಕೊಂಡು ನೆಟ್ಟಿನಲ್ಲಿ ಸುದ್ದಿ ಕಳಿಸುವ ಬೆಲ್. ಟವರ್ ಬಂದಿದೆ, ಸಿಗ್ನಲ್ ಬಂದಿಲ್ಲ. ಕಂಬ ಬಂದಿದೆ, ಕರೆಂಟು ಬಂದು ಹೋಗುತ್ತಿದೆ. ಬೆಲ್ ಮಾತ್ರ ಕೊರಿಯರ್‌ನಲ್ಲಿ ಸರಿಯಾದ ಸಮಯಕ್ಕೆ ಬಂದಿದೆ. ಕಳಿಸುವವರು ಬೆಂಗಳೂರಿನ ಮಕ್ಕಳು. ಅಪ್ಪ ಅಮ್ಮ ಇಬ್ಬರೇ ಇರ್ತಾರೆ, ಯಾರು ಬಂದರು ಅಂತ ಗೊತ್ತಾಗಬೇಕಲ್ವಾ?

ನಮ್ಮಲ್ಲಿ ಯಾರು ಬಂದರು ಅಂತ ಗೊತ್ತಾಗದೆ ಹೋದದ್ದು ಯಾವಾಗಲೋ! ದಣಪೆ ದಾಟುವ ಮೊದಲೇ ನಾಯಿ ಹೇಳುತ್ತದೆ. ಅದು ನಿದ್ದೆಯಲ್ಲಿದ್ದರೆ ಬಂದವರೇ "ಯಾರಿದ್ದೀರಿ ಒಳಗೆ?" ಎಂದು ಕೂಗುತ್ತಾರೆ. ಸಲುಗೆ ಇದ್ದವರು ಹಿತ್ತಿಲಿನಿಂದ ನೇರ ಅಡುಗೆಮನೆಗೇ ಬರುತ್ತಾರೆ. ಬೆಲ್ ಒತ್ತಿದವನು ಅದನ್ನು ಕೂರಿಸಿದ ಎಲೆಕ್ಟ್ರಿಷಿಯನ್ ಒಬ್ಬನೇ.

ಅವನ ಪಾಡು ಬೇರೆ. ಅಮೆರಿಕದ ಮನೆಗಳಲ್ಲಿ ಬೆಲ್ಲಿನ ವೈರಿಗೆ ಟ್ರಾನ್ಸ್‌ಫಾರ್ಮರ್ ಇಳಿಸಿಕೊಟ್ಟ 16ರಿಂದ 24 ವೋಲ್ಟ್ ಸಾಕು. ಅಲ್ಲಿಯ ಲೆಕ್ಕದ ಬೆಲ್ಲನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಒಂದೇ ಸಲ ಹೊಡೆದುಕೊಳ್ಳುತ್ತದೆ, ಹೊಗೆ ಸಮೇತ. ಹಾಗಾಗಿ ಬ್ಯಾಟರಿಯದ್ದೇ ಗತಿ.

ಮಗ ಅಷ್ಟಕ್ಕೇ ಬಿಡುವುದಿಲ್ಲ. ರೂಟೀನ್ ಹಾಕಿಕೊಡುತ್ತಾನೆ. ಬೆಲ್ ಒತ್ತಿದರೆ ಜಗಲಿಯ ದೀಪ ಹತ್ತಬೇಕು, ಅಡುಗೆಮನೆಯ ಸ್ಪೀಕರ್ ಕೂಗಬೇಕು, ಮಗನ ಫೋನಿನಲ್ಲಿ ಬಂದವರ ಮುಖ ಕಾಣಬೇಕು. ಜಗಲಿಯಿಂದ ಅಡುಗೆಮನೆಗೆ ನಾಲ್ಕು ಹೆಜ್ಜೆ. ಸುದ್ದಿ ಮಾತ್ರ ಆ ದಾರಿ ಹಿಡಿಯುವುದಿಲ್ಲ. ರೂಟರಿಗೆ ಹೋಗಿ, ಅಲ್ಲಿಂದ ಯಾವುದೋ ಊರಿನ ಸರ್ವರಿಗೆ ಹೋಗಿ, ತಾಲೂಕು ಆಫೀಸಿನ ಫೈಲಿನ ಹಾಗೆ ಅಪ್ಪಣೆ ಪಡೆದು ವಾಪಸ್ ಬರುತ್ತದೆ. ಹೋಮ್ ಅಸಿಸ್ಟೆಂಟ್ ಅಂತೊಂದು ಸಾಫ್ಟ್‌ವೇರ್ ಇದೆ. ಮನೆಯೊಳಗೇ ಚಿಕ್ಕ ಕಂಪ್ಯೂಟರಿನಲ್ಲಿ ಓಡುತ್ತದೆ. ಬೆಲ್ಲೂ ಸ್ಪೀಕರೂ ಅದರ ಮಾತು ಕೇಳುವ ಜಾತಿಯವಾದರೆ ಮನೆಯೊಳಗಿನ ಸುದ್ದಿಗೆ ಹೊರಗಿನ ನೆಟ್ಟೇ ಬೇಡ. ಕರೆಂಟು ಬೇಕು, ಅಷ್ಟೆ.

ಅಷ್ಟೆ! ಜೋಗದ ಮಹಾತ್ಮ ಗಾಂಧಿ ವಿದ್ಯುತ್ ಕೇಂದ್ರ ಶುರುವಾದದ್ದು 1948ರಲ್ಲಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಊರು ಮುಳುಗಿಸಿಕೊಂಡವರು ನಾವು. ದೊಡ್ಡ ಲೈನು ನಮ್ಮ ತಲೆಯ ಮೇಲೇ ಹಾದು ಹೋಗುತ್ತದೆ, ಕೆಳಗಿಳಿಯುವುದಿಲ್ಲ. ಸಣ್ಣ ಲೈನಿನ ಮೇಲೆ ಆಷಾಢದಲ್ಲೊಂದು ಮರ ಬಿತ್ತು ಅಂದರೆ, ಎಲ್ಲಿ ಬಿತ್ತು ಅಂತ ಹುಡುಕುವುದಕ್ಕೇ ಎರಡು ದಿನ. ಮೂರನೇ ದಿನ ಬೆಂಗಳೂರಿನ ಫುಲ್ ಚಾರ್ಜ್ ಆದ ಫೋನಿನಲ್ಲಿ ಮಗ ಓದುತ್ತಾನೆ: 'ನಿಮ್ಮ ಡಿವೈಸ್ ಆಫ್‌ಲೈನ್ ಇದೆ.'

ಕರೆಂಟು ಇದ್ದ ದಿನವಂತೂ ಇನ್ನೂ ಜಾಸ್ತಿ ಗಮ್ಮತ್ತು. ಈ ಬೆಲ್ಲಿನ ಸೆನ್ಸರಿಗೆ ಗೊತ್ತಾಗುವುದು ಎದುರಿಗೆ ಮೈಬಿಸಿ ಇರುವುದೇನೋ ಸುಳಿಯಿತು ಅಂತ ಮಾತ್ರ. ಅದಕ್ಕೆ ನೆಂಟರೂ ಒಂದೇ, ಮಂಗನೂ ಒಂದೇ. ಸ್ಪೀಕರ್ "ಸಮ್‌ವನ್ ಈಸ್ ಅಟ್ ದ ಫ್ರಂಟ್ ಡೋರ್" ಎನ್ನುತ್ತದೆ. ಅಮ್ಮ ನೀರು ಬೆಲ್ಲ ಹಿಡಿದು ಹೊರಗೆ ಬರುತ್ತಾರೆ. ಮಂಗ ಬೆಲ್ಲ ತೆಗೆದುಕೊಂಡು ಹೋಗುತ್ತದೆ. ಮರುದಿನ ಬಂಧುಬಳಗದ ಜೊತೆ ಬರುತ್ತದೆ. ಅಷ್ಟೂ ಜನರ ವಿಡಿಯೊ ತೆಗೆದು ಬ್ಯಾಟರಿ ಖಾಲಿ.

ಇಷ್ಟರ ನಡುವೆ ಒಂದು ಮನೆಯಲ್ಲಿ ಎಲ್ಲವೂ ಕೂಡಿ ಬಂತು. ಕರೆಂಟಿತ್ತು, ನೆಟ್ಟಿತ್ತು, ಮಳೆ ಬಿಟ್ಟಿತ್ತು. ಅಡಿಕೆ ವ್ಯಾಪಾರಿ ಬಂದವನು ಕುತೂಹಲಕ್ಕೆ ಸುಮ್ನೆ ಬೆಲ್ ಒತ್ತಿದ. ಮೀಟಿಂಗಿನಲ್ಲಿದ್ದ ಮಗ ಬೆಂಗಳೂರಿನಿಂದಲೇ ಕೇಳಿದ:

"ಯಾರು ಬೇಕಿತ್ತು?"

"ನಿಮ್ಮಪ್ಪ. ಅಡಿಕೆ ವಿಷಯ ಮಾತಾಡ್ಬೇಕಿತ್ತು."

"ಅಪ್ಪ ಮನೇಲಿಲ್ಲ ಅನ್ಸುತ್ತೆ. ಫೋನ್ ನಾಟ್ ರೀಚಬಲ್ ಬರ್ತಿದೆ."

ಅಪ್ಪ ಅದೇ ಜಗಲಿಯಲ್ಲಿ, ವ್ಯಾಪಾರಿಯ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬಾಯಲ್ಲಿ ಆಗಲೇ ಒಂದು ಕವಳ ಇದ್ದಿದ್ದರಿಂದ ಮಾತಾಡಲಿಲ್ಲ. ವ್ಯಾಪಾರಿ ಅವರ ಮುಖ ನೋಡಿದ, ಬೆಲ್ಲಿನ ಮುಖ ನೋಡಿದ. ಆಮೇಲೆ ಬೆಲ್ಲಿನ ಹತ್ತಿರ ಬಗ್ಗಿ ಕೇಳಿದ:

"ಹಾಗಾದ್ರೆ ನೀವೇ ಹೇಳಿ ಮಾರಾಯ್ರೆ, ರಾಶಿ ಅಡಿಕೆ ಕ್ವಿಂಟಾಲಿಗೆ ಎಷ್ಟಕ್ಕೆ ಕೊಡ್ತೀರಿ?"