ರಸೀದಿ ಕೇಳಿದವರಿಗೆ ನಕ್ಷೆ

ಗ್ರಾಹಕರು ಕೇಳಿದ್ದು ಒಂದೇ ಸಾಲು: ‘ಬಿಲ್ ಕಟ್ಟಿದ ತಕ್ಷಣ ಮೊಬೈಲಿಗೆ ರಸೀದಿ ಬರಬೇಕು.’ ಇದರಲ್ಲಿ ಅರ್ಥವಾಗದ್ದು ಏನಿದೆ ಅಂತ ಕೇಳಿದರೆ, ನೀವು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡಿಲ್ಲ.

ಆ ಸಾಲು ಮೊದಲು ಯೂಸರ್ ಸ್ಟೋರಿ ಆಗಬೇಕು, ಅಂದ್ರೆ ಯಾರಿಗೆ ಏನು ಬೇಕು, ಯಾಕೆ ಬೇಕು ಅಂತ ಹೇಳುವ ಪುಟ್ಟ ಟಿಪ್ಪಣಿ. ‘ಒಬ್ಬ ಬಳಕೆದಾರನಾಗಿ ನನಗೆ ರಸೀದಿ ಬೇಕು, ಯಾಕಂದ್ರೆ ನಾನು ದುಡ್ಡು ಕಟ್ಟಿದ್ದು ನನಗೆ ಗೊತ್ತಾಗಬೇಕು.’ ಕಟ್ಟಿದವನಿಗೆ ಗೊತ್ತೇ ಇರುತ್ತಲ್ವಾ ಅನ್ನಬೇಡಿ. ‘ಯಾಕಂದ್ರೆ’ ಖಾನೆ ಖಾಲಿ ಬಿಟ್ಟರೆ ಟಿಕೆಟ್, ಅಂದ್ರೆ ಕೆಲಸದ ಚೀಟಿ, ಸೇವ್ ಆಗೋದಿಲ್ಲ.

ಆಮೇಲೆ ಸ್ಟೋರಿಯನ್ನು ಚಿತ್ರ ಮಾಡಬೇಕು. ಸಾಫ್ಟ್‌ವೇರನ್ನು ಚಿತ್ರದಲ್ಲಿ ತೋರಿಸುವ ಯುಎಂಎಲ್ ಅನ್ನೋ ಪದ್ಧತಿಯಲ್ಲಿ ಈಗ 14 ಬಗೆಯ ಚಿತ್ರಗಳಿವೆ. ನಮ್ಮವರು ಯಾರು ಏನು ಮಾಡ್ತಾರೆ ಅಂತ ತೋರಿಸುವ ಯೂಸ್ ಕೇಸ್ ಚಿತ್ರದಿಂದ ಶುರು ಮಾಡಿದರು. ಒಂದು ಕಡ್ಡಿ ಮನುಷ್ಯ, ‘ಬಿಲ್ ಕಟ್ಟು’ ಅಂತ ಒಂದು ಮೊಟ್ಟೆ, ‘ರಸೀದಿ ಕಳಿಸು’ ಅಂತ ಇನ್ನೊಂದು ಮೊಟ್ಟೆ. ನಡುವೆ ಬಾಣ ಹಾಕುವಾಗ ಇಬ್ಬರು ಆರ್ಕಿಟೆಕ್ಟ್‌ಗಳಿಗೆ ಜಗಳ ಹತ್ತಿಕೊಂಡಿತು. ಇನ್‌ಕ್ಲೂಡ್ ಆದರೆ ಬಾಣ ಬಿಲ್‌ನಿಂದ ರಸೀದಿ ಕಡೆಗೆ. ಎಕ್ಸ್‌ಟೆಂಡ್ ಆದರೆ ರಸೀದಿಯಿಂದ ಬಿಲ್ ಕಡೆಗೆ.

ತಮಾಷೆ ಅಂದ್ರೆ ಆ ಜಗಳದಲ್ಲಿ ಹುರುಳಿತ್ತು. ರಸೀದಿ ಪ್ರತಿ ಸಲವೂ ಹೋಗಬೇಕೋ, ಕೇಳಿದವರಿಗೆ ಮಾತ್ರವೋ? ಮೊದಲನೆಯದಾದರೆ ಇನ್‌ಕ್ಲೂಡ್, ಎರಡನೆಯದಾದರೆ ಎಕ್ಸ್‌ಟೆಂಡ್. ಹೊಸದಾಗಿ ಸೇರಿದ ಹುಡುಗಿ, “ಸರ್, ಕಸ್ಟಮರ್‌ಗೆ ಒಂದು ಫೋನ್ ಮಾಡಿ ಕೇಳೋಣ್ವಾ?” ಅಂದಳು. ಎಲ್ಲರೂ ಅವಳ ಮುಖ ನೋಡಿದರು. “ನೋಡಮ್ಮ, ಅದಕ್ಕೆ ಬೇರೆ ಟಿಕೆಟ್ ಹಾಕಬೇಕು. ಈ ಸ್ಪ್ರಿಂಟ್‌ನಲ್ಲಿ ಆಗಲ್ಲ” ಅಂದರು ತಂಡದ ಕೆಲಸದ ಕ್ರಮ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್. ಸ್ಪ್ರಿಂಟ್ ಅಂದ್ರೆ ಕೆಲವು ವಾರಗಳ ಕೆಲಸದ ಕಂತು.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಸಾಫ್ಟ್‌ವೇರ್ ಹೇಗೆ ಕಟ್ಟಬೇಕು ಅಂತ ಅಜೈಲ್ ಪ್ರಣಾಳಿಕೆ ಬರೆದರು. ನಮ್ಮ ತಂಡವೂ ಪಾಲಿಸ್ತೀವಿ ಅನ್ನೋದು ಅದನ್ನೇ. ಕಂತೆಗಟ್ಟಲೆ ದಾಖಲೆಗಿಂತ ಓಡುವ ಸಾಫ್ಟ್‌ವೇರ್ ದೊಡ್ಡದು ಅಂದರು. ಗ್ರಾಹಕರ ಜೊತೆ ಕೂಡಿ ಕೆಲಸ ಮಾಡಿ ಅಂತಲೂ ಅಂದರು. ಆ ಪ್ರಣಾಳಿಕೆಯ ವೆಬ್ ಪುಟದ ಹಿನ್ನೆಲೆಯಲ್ಲಿ ಒಂದು ಫೋಟೋ ಇದೆ, ಕೆಲವರು ಬೋರ್ಡಿನ ಮುಂದೆ ನಿಂತಿದ್ದಾರೆ. ನಮ್ಮವರು ಅಕ್ಷರ ಬಿಟ್ಟು ಫೋಟೋ ಮಾತ್ರ ನೋಡಿರಬೇಕು. ಅದೇ ವರ್ಷ ಆ 17 ಜನರಲ್ಲೊಬ್ಬರಾದ ರಾನ್ ಜೆಫ್ರೀಸ್ ಯೂಸರ್ ಸ್ಟೋರಿಗೆ ಮೂರು ಅಂಗ ಹೇಳಿದ್ದರು: ಕಾರ್ಡು, ಮಾತುಕತೆ, ಖಾತ್ರಿ. ಕಾರ್ಡು ಚಿಕ್ಕದಿರೋದೇ ಉಳಿದದ್ದನ್ನು ಮಾತಾಡಿ ತಿಳಿದುಕೊಳ್ಳಲಿ ಅಂತ. ನಾವು ಮಾತುಕತೆ ಕೈಬಿಟ್ಟು ಆ ಜಾಗಕ್ಕೆ ಬಾಣ ಹಾಕಿಕೊಂಡೆವು.

ಈಗಂತೂ ಎಐ ಬಂದಿದೆ. ಸ್ಟೋರಿ ಅಂಟಿಸಿದರೆ ಹತ್ತು ಸೆಕೆಂಡಿಗೆ ಚಿತ್ರ ರೆಡಿ, ಹಬ್ಬದ ರಂಗೋಲಿಯಷ್ಟು ಚೆಂದ. ನಮ್ಮ ರಸೀದಿಯ ಚಿತ್ರದಲ್ಲಿ ಅದು ನಡುವೆ ಒಂದು ವಜ್ರಾಕೃತಿ ಇಟ್ಟಿತ್ತು: ‘ಮ್ಯಾನೇಜರ್ ಅನುಮತಿ ಸಿಕ್ಕಿತೇ?’ ಯಾರೂ ಬರೆದಿರಲಿಲ್ಲ, ಯಾರೂ ಕೇಳಿರಲಿಲ್ಲ. ‘ಇಲ್ಲ’ ಅನ್ನುವ ಬಾಣ ಪುಟದ ಅಂಚಿನವರೆಗೆ ಹೋಗಿ ಅಲ್ಲೇ ನಿಂತಿತ್ತು. ಆದರೂ ಚಿತ್ರದಲ್ಲಿದೆ ಅಂದ ಮೇಲೆ ಇರಲೇಬೇಕಲ್ಲ! ಕೆಲಸ ಎಷ್ಟು ದೊಡ್ಡದು ಅಂತ ಅಳೆಯುವ ಲೆಕ್ಕದಲ್ಲಿ ಅನುಮತಿ ಪುಟಕ್ಕೆ 8 ಪಾಯಿಂಟ್ ಬಿತ್ತು. ರಸೀದಿಗೆ 2.

ಡೆಮೊ ದಿನ ಗ್ರಾಹಕರು ಬಿಲ್ ಕಟ್ಟಿ ಮೊಬೈಲ್ ನೋಡುತ್ತಾ ಕೂತರು. “ರಸೀದಿ ಬರಲಿಲ್ವಲ್ಲ?”

“ಅನುಮತಿ ಪೆಂಡಿಂಗ್ ಇದೆ ಸಾರ್.”

“ಯಾರದು?”

ಏನು ಕಟ್ಟಬೇಕು ಅಂತ ತೀರ್ಮಾನಿಸುವ ಪ್ರಾಡಕ್ಟ್ ಓನರ್ ಚಿತ್ರ ಜೂಮ್ ಮಾಡಿದರು. ಅದರಲ್ಲಿ ಮ್ಯಾನೇಜರ್ ಅಂತಷ್ಟೇ ಇತ್ತು, ಯಾವ ಮ್ಯಾನೇಜರ್ ಅಂತ ಇರಲಿಲ್ಲ.

ಮರುದಿನ ರೆಟ್ರೋ, ಅಂದ್ರೆ ಆದದ್ದನ್ನು ತಿರುಗಿ ನೋಡುವ ಸಭೆ. ಎಡವಿದ್ದೆಲ್ಲಿ ಅಂತ ಮಾತಾಡೋಕೆ ಮೊದಲು ಒಂದು ಹಾಯಿದೋಣಿ ಬರೆದರು. ಮುಂದಕ್ಕೆ ತಳ್ಳಿದ್ದು ಗಾಳಿ, ಹಿಡಿದು ನಿಲ್ಲಿಸಿದ್ದು ಲಂಗರು. ಹೊಸ ಹುಡುಗಿ ಲಂಗರಿನ ಮೇಲೆ ಹಳದಿ ಚೀಟಿ ಅಂಟಿಸಿದಳು: ‘ಕಸ್ಟಮರ್‌ನ ಕೇಳಲಿಲ್ಲ.’ ಒಳ್ಳೇ ಪಾಯಿಂಟ್ ಅಂತ ಎಲ್ಲರೂ ಒಪ್ಪಿದರು. ಕಸ್ಟಮರ್‌ನ ಯಾವಾಗ, ಯಾರು, ಹೇಗೆ ಕೇಳಬೇಕು ಅಂತ ಸೋಮವಾರದೊಳಗೆ ಒಂದು ಫ್ಲೋಚಾರ್ಟ್ ಮಾಡುವ ಕೆಲಸ ಅವಳಿಗೇ ಬಿತ್ತು.