ಕಸಿಯಾದ ಮೇಲೂ ಮಜ್ಜೆ ತೆಗೆದು ನೋಡುತ್ತಲೇ ಇರಬೇಕೆ?

ರಕ್ತದ ಕ್ಯಾನ್ಸರಾದ ಲ್ಯುಕೇಮಿಯಾಗೆ ಕಾಂಡಕೋಶ (ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ) ಕಸಿ ಮಾಡಿಸಿಕೊಂಡು ಚೇತರಿಸಿಕೊಂಡವರಿಗೆ, ಏನೂ ತೊಂದರೆ ಕಾಣದಿದ್ದರೂ, ಅಳಿದುಳಿದ ಕಾಯಿಲೆ ಹುಡುಕುವ ಎಂಆರ್‌ಡಿ ಪರೀಕ್ಷೆಯನ್ನು ಮೊದಲ ಎರಡು ವರ್ಷ ತಪ್ಪದೆ ಮಾಡಬೇಕೆ? ಇಬ್ಬರ ಅಭಿಪ್ರಾಯ ಇಲ್ಲಿದೆ.

ಪರ: ಕಾಣುವಷ್ಟು ಬೆಳೆಯಲು ಬಿಡಬಾರದು

ನಾನು ಲ್ಯಾಬಿನಲ್ಲಿ ಫ್ಲೋ ಸೈಟೊಮೆಟ್ರಿ, ಅಂದರೆ ಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನಲ್ಲಿ ಗುರುತಿಸುವ ಪರೀಕ್ಷೆಯ, ವರದಿ ಬರೆಯುವವನು. ರೋಗಿಯ ಮುಖ ನೋಡುವುದು ಅಪರೂಪ. ನನಗೆ ಕಾಣುವುದು ಪರದೆಯ ಮೇಲಿನ ಚುಕ್ಕೆಗಳು, ಒಂದೊಂದು ಚುಕ್ಕೆಯೂ ಒಂದು ಕಣ. ಲಕ್ಷಗಟ್ಟಲೆ ಚುಕ್ಕೆಗಳ ನಡುವೆ, ಇರಬಾರದ ಜಾಗದಲ್ಲಿ ಐವತ್ತು ಅರವತ್ತು ಗುಂಪುಗೂಡಿ ಕೂತಿದ್ದರೆ ಮೌಸ್ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ಆ ರೋಗಿಯ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಲ್ಲ ಸರಿಯಾಗಿಯೇ ಇರುತ್ತವೆ. ಸ್ಲೈಡ್ ಕೂಡ ಸರಿ.

ಆದರೆ ಈ ‘ಸರಿ’ಯ ಲೆಕ್ಕ ನೋಡಿ. ಕಾಯಿಲೆ ಪತ್ತೆಯಾದಾಗ ಮೈಯಲ್ಲಿ ಸುಮಾರು ಒಂದು ಲಕ್ಷ ಕೋಟಿ ಲ್ಯುಕೇಮಿಯಾ ಕಣಗಳಿರುತ್ತವೆ. ಮಜ್ಜೆಯಲ್ಲಿ ಬಲಿಯದ ಬ್ಲಾಸ್ಟ್ ಕಣಗಳು ಶೇ 5ಕ್ಕಿಂತ ಕೆಳಗಿಳಿದರೆ ರೆಮಿಷನ್ (ಕಾಯಿಲೆ ಹತೋಟಿಗೆ ಬಂದ ಸ್ಥಿತಿ) ಎನ್ನುತ್ತೇವೆ. ಆಗಲೂ ಸಾವಿರ ಕೋಟಿಯಷ್ಟು ಉಳಿದಿರಬಹುದು! ಸೂಕ್ಷ್ಮದರ್ಶಕದ ಕೈಗೆ ಅವು ಸಿಗುವುದಿಲ್ಲ. ಫ್ಲೋ ಹತ್ತು ಸಾವಿರ ಕಣಗಳಲ್ಲಿ ಒಂದನ್ನು ಹಿಡಿಯುತ್ತದೆ. ಬಿಸಿಆರ್-ಎಬಿಎಲ್‌ನಂಥ ವಂಶವಾಹಿ ಗುರುತಿದ್ದರೆ, ಆ ಗುರುತನ್ನು ನಕಲು ಮಾಡಿ ಹೆಚ್ಚಿಸಿ ಹುಡುಕುವ ಪಿಸಿಆರ್ ಪರೀಕ್ಷೆ ಲಕ್ಷದಲ್ಲಿ ಒಂದನ್ನು ಹಿಡಿಯುತ್ತದೆ.

ಕಾಯಿಲೆ ಮರುಕಳಿಸುವುದು ಹೆಚ್ಚಾಗಿ ಕಸಿಯಾದ ಮೊದಲ ಎರಡು ವರ್ಷಗಳಲ್ಲೇ. ಪೂರ್ತಿ ಮರುಕಳಿಸಿದ ಮೇಲೆ ಇನ್ನೊಂದು ಸುತ್ತು ಕೀಮೋ ತಡೆದುಕೊಳ್ಳುವ ತ್ರಾಣ ಎಷ್ಟು ಜನರಿಗಿರುತ್ತದೆ? ಕಣಗಳು ಕಡಿಮೆ ಇರುವಾಗ ದಾರಿಗಳಿವೆ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್ ಔಷಧಿ ಇಳಿಸಿ ಡೋನರ್ ಕಣಗಳನ್ನು ಹೋರಾಡಲು ಬಿಡಬಹುದು, ಡೋನರ್‌ನ ಲಿಂಫೋಸೈಟ್‌ಗಳನ್ನು ಮತ್ತೆ ಕೊಡಬಹುದು, ಬಿಸಿಆರ್-ಎಬಿಎಲ್ ಇರುವ ಫಿಲಡೆಲ್ಫಿಯಾ ಕ್ರೋಮೋಸೋಮ್ ಇದ್ದರೆ ಇಮ್ಯಾಟಿನಿಬ್ ಮಾತ್ರೆ ಶುರು ಮಾಡಬಹುದು. 2018ರಲ್ಲಿ ಪ್ರಕಟವಾದ ಜರ್ಮನಿಯ ರೆಲಾಜಾ-2 ಅಧ್ಯಯನದಲ್ಲಿ, ಎಂಆರ್‌ಡಿ ಕಂಡ 53 ಮಂದಿಗೆ ಕಾಯಿಲೆ ತಲೆಯೆತ್ತುವ ಮೊದಲೇ ಅಜಾಸೈಟಿಡಿನ್ ಎಂಬ ಔಷಧಿ ಕೊಟ್ಟರು. ಅವರಲ್ಲಿ ಕಸಿಯಾದವರೂ ಇದ್ದರು, ಕೀಮೋ ಮಾತ್ರ ಪಡೆದವರೂ ಇದ್ದರು. ಆರು ತಿಂಗಳ ಹೊತ್ತಿಗೆ 31 ಮಂದಿ ಮರುಕಳಿಕೆ ಇಲ್ಲದೆ ಬದುಕಿದ್ದರು.

ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದುದು ಮಾರ್ಫೊ ಪ್ರಯೋಗ. ಎಫ್‌ಎಲ್‌ಟಿ3 ವಂಶವಾಹಿಯಲ್ಲಿ ದೋಷವಿದ್ದು ಕಸಿಯಾದ 356 ರೋಗಿಗಳಲ್ಲಿ ಕೆಲವರಿಗೆ ಆ ದೋಷಕ್ಕೆ ಕೊಡುವ ಗಿಲ್ಟೆರಿಟಿನಿಬ್ ಮಾತ್ರೆ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಒಟ್ಟಾರೆ ನೋಡಿದರೆ ಖಚಿತ ವ್ಯತ್ಯಾಸ ಕಾಣಲಿಲ್ಲ. ಕಸಿಗೆ ಮುಂಚೆಯೋ ಆಮೇಲೋ ಎಂಆರ್‌ಡಿ ಕಂಡವರನ್ನಷ್ಟೇ ನೋಡಿದರೆ ಪ್ರಯೋಜನ ಕಂಡಿತು. ಹುಡುಕದೇ ಇದ್ದರೆ ಈ ಮಾತ್ರೆ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಗೊತ್ತಾಗುವುದಾದರೂ ಹೇಗೆ?

ವಿರೋಧ: ಕಂಡರೆ ಏನು ಮಾಡುತ್ತೀರಿ?

ನನ್ನ ಅಣ್ಣನಿಗೆ ಕಾಂಡಕೋಶ ಕೊಟ್ಟವಳು ನಾನು. ಅವನದು ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳಿಂದ ಹುಟ್ಟುವ ಲ್ಯುಕೇಮಿಯಾ, ಬಿ ಜಾತಿಯ ಎಎಲ್‌ಎಲ್. ಆರನೇ ತಿಂಗಳ ವರದಿಯಲ್ಲಿ ಶೇ 0.02 ಎಂದಿತ್ತು, ಅಂದರೆ ಹತ್ತು ಸಾವಿರಕ್ಕೆ ಎರಡು ಕಣ. ಡಾಕ್ಟರು ಸೈಕ್ಲೋಸ್ಪೊರಿನ್ ಬೇಗ ಇಳಿಸಿದರು. ಮೂರು ವಾರದಲ್ಲಿ ಜಿವಿಎಚ್‌ಡಿ ಬಂತು. ನನ್ನ ಕಣಗಳೇ ಅವನ ಚರ್ಮವನ್ನೂ ಬಾಯನ್ನೂ ಸುಡತೊಡಗಿದವು. ಕೆನ್ನೆಯ ಒಳಗೆಲ್ಲ ಬಿಳಿ ಗೆರೆ. ಅತ್ತಿಗೆ ಸಾರನ್ನು ನೀರು ಮಾಡಿ ಕೊಟ್ಟರೂ ಮೊದಲ ತುತ್ತಿಗೇ ಕಣ್ಣಲ್ಲಿ ನೀರು. ಮತ್ತೆ ಮಜ್ಜೆ ತೆಗೆದು ಇನ್ನೊಂದು ಲ್ಯಾಬಿಗೆ ಕಳಿಸಿದಾಗ ತಿಳಿದದ್ದು, ಅವು ಹೊಸ ಮಜ್ಜೆ ಚಿಗುರುವಾಗ ಹುಟ್ಟುವ ಎಳೆಯ ಬಿ ಕಣಗಳು. ಲ್ಯುಕೇಮಿಯಾ ಕಣಗಳನ್ನೇ ಹೋಲುತ್ತವಂತೆ. ಡಾಕ್ಟರರನ್ನು ನಾನು ದೂರುವುದಿಲ್ಲ, ಆ ಅಂಕಿ ಕೈಯಲ್ಲಿದ್ದಾಗ ಯಾರಾದರೂ ಹಾಗೇ ಮಾಡುತ್ತಿದ್ದರು. ನನ್ನ ಆಕ್ಷೇಪ ಇರುವುದೇ ಅಲ್ಲಿ. ಅಂಕಿ ಬಂದ ಮೇಲೆ ಸುಮ್ಮನಿರಲು ಯಾರಿಗೂ ಆಗುವುದಿಲ್ಲ.

ಇದರ ತದ್ವಿರುದ್ಧವೂ ಆಗುತ್ತದೆ. ಸೂಜಿಯಿಂದ ಮೊದಲು ಎಳೆದ ಮಜ್ಜೆಯೇ ಎಂಆರ್‌ಡಿಗೆ ಹೋಗಬೇಕು. ಆಮೇಲೆ ಎಳೆದದ್ದರಲ್ಲಿ ರಕ್ತ ಬೆರೆತು, ಇರುವ ಕಾಯಿಲೆಯೂ ಇಲ್ಲವೆಂದು ಬರಬಹುದು. ಎಎಂಎಲ್ ಎಂಬ ಇನ್ನೊಂದು ಬಗೆಯ ಲ್ಯುಕೇಮಿಯಾದಲ್ಲಿ ಬೆನ್ನುಹತ್ತಲು ನಂಬಬಹುದಾದ ಗುರುತೇ ಎಲ್ಲ ರೋಗಿಗಳಿಗೂ ಇರುವುದಿಲ್ಲ. ಡಿಎನ್ಎಂಟಿ3ಎ, ಟೆಟ್2ನಂಥ ವಂಶವಾಹಿಗಳ ಬದಲಾವಣೆಗಳು ಆರೋಗ್ಯವಂತ ವಯಸ್ಸಾದವರ ರಕ್ತದಲ್ಲೂ ಇರುತ್ತವೆ. ಡೋನರ್‌ನಿಂದಲೇ ಬಂದಿರಲೂಬಹುದು.

ಪರೀಕ್ಷೆಯಿಂದ ಆಯುಷ್ಯ ಬೆಳೆಯುತ್ತದೆಯೇ ಎಂದು ನೇರವಾಗಿ ಕೇಳಿದ ಪ್ರಯೋಗವೂ ಇದೆ. ಬ್ರಿಟನ್ನಿನ ಎಎಂಎಲ್17 ಮತ್ತು ಎಎಂಎಲ್19 ಪ್ರಯೋಗಗಳಲ್ಲಿ ಎಎಂಎಲ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಎಂಆರ್‌ಡಿ ನೋಡುತ್ತಾ ಹೋದರು. ಒಟ್ಟಾರೆ ಬದುಕುಳಿಯುವುದರಲ್ಲಿ ಸುಧಾರಣೆ ಕಾಣಲಿಲ್ಲ. ಎನ್‌ಪಿಎಂ1 ವಂಶವಾಹಿಯ ದೋಷದ ಜತೆ ಎಫ್‌ಎಲ್‌ಟಿ3 ದೋಷವೂ ಇದ್ದವರಿಗೆ ಮಾತ್ರ ಅನುಕೂಲವಾಯಿತು. ಅವರೆಲ್ಲ ಕಸಿಯಾದವರಲ್ಲ, ಒಪ್ಪುತ್ತೇನೆ. ಆದರೆ ಮೇಲೆ ಹೇಳಿದ ರೆಲಾಜಾದಲ್ಲಿ ಹೋಲಿಸಲು ಇನ್ನೊಂದು ಗುಂಪೇ ಇರಲಿಲ್ಲ.

ಹಾಗಂತ ಪರೀಕ್ಷೆಯೇ ಬೇಡ ಎನ್ನುವವಳಲ್ಲ ನಾನು. ಫಿಲಡೆಲ್ಫಿಯಾ ಕ್ರೋಮೋಸೋಮ್ ಇದ್ದವರಿಗೆ ರಕ್ತದಲ್ಲೇ ಪಿಸಿಆರ್ ಮಾಡಬಹುದು, ಕಂಡರೆ ಕೊಡಲು ಮಾತ್ರೆಯೂ ಇದೆ. ಅಂಥವರಿಗೆ ಖಂಡಿತ ಮಾಡಲಿ. ಗುರುತೂ ಇಲ್ಲ, ಕಂಡರೆ ಕೊಡುವ ಔಷಧಿಗೆ ದುಡ್ಡೂ ಇಲ್ಲ ಎನ್ನುವ ಮನೆಯವರನ್ನು ರಾಯಚೂರಿನಿಂದ ಬೆಂಗಳೂರಿಗೆ ರಾತ್ರಿ ರೈಲಿನಲ್ಲಿ ಕರೆಸಿ, ಸೊಂಟದ ಮೂಳೆಗೆ ಸೂಜಿ ಹಾಕಿ, ವರದಿಗೆ ವಾರಗಟ್ಟಲೆ ಕಾಯಿಸುವುದು ಯಾವ ಉಪಕಾರ?

ಹೋದ ತಿಂಗಳು ಮಜ್ಜೆ ತೆಗೆಸಿಕೊಳ್ಳಲು ಪಕ್ಕಕ್ಕೆ ತಿರುಗಿ ಮಲಗುವ ಮೊದಲೇ ಅಣ್ಣ ಕೇಳಿದ: “ಡಾಕ್ಟ್ರೇ, ಕಂಡರೆ ಏನು ಮಾಡ್ತೀರಿ?” ಅವರು ಫೈಲು ಮುಚ್ಚಿ, ಕುರ್ಚಿ ಎಳೆದುಕೊಂಡು ಕೂತು, ಇಪ್ಪತ್ತು ನಿಮಿಷ ಮಾತಾಡಿದರು. ಅಂದು ಬರೀ ರಕ್ತ ತೆಗೆದು, ಅದರಲ್ಲಿ ಡೋನರ್ ಕಣಗಳೆಷ್ಟು, ಅವನ ಕಣಗಳೆಷ್ಟು ಎಂದು ನೋಡುವ ಕೈಮೆರಿಸಮ್ ಪರೀಕ್ಷೆಗೆ ಕಳಿಸಿದರು.